ಒಂದು ಪ್ಲಗಿನ್ ಹಾಕಿದರೆ ಇನ್ನೊಂದು ಮುರಿಯುತ್ತಿದೆ (ಕ್ಯೂಜಿಐಎಸ್ 3.40, ವಿಂಡೋಸ್)

ಕೆರೆಯಂಗಳ:

ನಮಸ್ಕಾರ. ನಾನು ಕಂಪ್ಯೂಟರ್ ಓದಿದವಳಲ್ಲ. ಇಪ್ಪತ್ತೆಂಟು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಈಗ ನಾಲ್ಕೈದು ಜನ ಸೇರಿ ಕೋಲಾರ, ಮಾಲೂರು ಕಡೆಯ ಕೆರೆಗಳ ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳನ್ನು ನಕ್ಷೆಗೆ ಇಳಿಸುತ್ತಿದ್ದೇವೆ. ಬಳಸುತ್ತಿರುವುದು ಕ್ಯೂಜಿಐಎಸ್ 3.40 ಎಂಬ ನಕ್ಷೆ ತಂತ್ರಾಂಶ, ವಿಂಡೋಸ್ 11ರಲ್ಲಿ.

ನನ್ನ ಬಳಿ ಒಂದು ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಪುಟ್ಟ ಉಪಕರಣ) ಇದೆ. ಹೆಸರು ಬೇಡ, "ಇಳಿಜಾರು" ಎನ್ನೋಣ. ಇಸ್ರೋದ ಭುವನ್ ತಾಣದಿಂದ ಇಳಿಸಿಕೊಂಡ ಕಾರ್ಟೋಡೆಮ್ ಎತ್ತರದ ಮಾಹಿತಿಯನ್ನು ಕೊಟ್ಟರೆ, ಯಾವ ಕೆರೆಗೆ ಎಲ್ಲಿಂದ ನೀರು ಹರಿದುಬರುತ್ತದೆ ಎಂದು ಗೆರೆ ಎಳೆದು ತೋರಿಸುತ್ತದೆ. ಒಂದು ವರ್ಷದಿಂದ ಯಾವ ತಕರಾರೂ ಇರಲಿಲ್ಲ. ಕಳೆದ ವಾರ ಇನ್ನೊಂದು ಪ್ಲಗಿನ್ ಹಾಕಿದೆ. ಇದನ್ನು "ಮಳೆ" ಎನ್ನೋಣ. ಹವಾಮಾನ ಇಲಾಖೆಯ 0.25 ಡಿಗ್ರಿ ಚೌಕಗಳ ಮಳೆ ದತ್ತಾಂಶವನ್ನು ಓದಿ ಪದರವಾಗಿ ಕೊಡುತ್ತದೆ. ಮೊದಲ ಸಲ ತೆರೆದಾಗ "ಕೆಲವು ಲೈಬ್ರರಿಗಳು ಬೇಕು, ಅಳವಡಿಸಲೇ?" ಎಂದು ಕೇಳಿತು. ಹೌದು ಎಂದೆ. ಯಾರಾದರೂ ಮರ್ಯಾದೆಯಿಂದ ಕೇಳಿದರೆ ಇಲ್ಲ ಎನ್ನಲಾಗದ ಸ್ವಭಾವ ನನ್ನದು. ಕಪ್ಪು ಕಿಟಕಿಯೊಂದು ತೆರೆದು, ಅಕ್ಷರಗಳು ಸರಸರನೆ ಓಡಿ, ತಾನೇ ಮುಚ್ಚಿಕೊಂಡಿತು. ಮಳೆ ಚೆನ್ನಾಗಿ ಕೆಲಸ ಮಾಡಿತು.

ಮರುದಿನ ಕ್ಯೂಜಿಐಎಸ್ ತೆರೆದರೆ ಇಳಿಜಾರು ಲೋಡ್ ಆಗಲಿಲ್ಲ. ಉದ್ದನೆಯ ದೋಷ ಸಂದೇಶ ಬಂತು. ಅದರಲ್ಲಿ ನನಗೆ ಅರ್ಥವಾದದ್ದು ಒಂದೇ ಸಾಲು: ನಂಪೈ 1ಕ್ಕೆ ಕಂಪೈಲ್ ಮಾಡಿದ ಮಾಡ್ಯೂಲ್ ನಂಪೈ 2ರಲ್ಲಿ ಓಡುವುದಿಲ್ಲವಂತೆ. ಇಳಿಜಾರನ್ನು ನಾನು ಮುಟ್ಟಿಯೇ ಇಲ್ಲವಲ್ಲ! ಮಳೆಯನ್ನು ತೆಗೆದುಹಾಕಿದೆ. ಆದರೂ ಇಳಿಜಾರು ಏಳಲಿಲ್ಲ.

ಇನ್ನು ಎರಡು ವಾರಕ್ಕೆ ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಮಕ್ಕಳಿಗೆ ಕಾರ್ಯಾಗಾರವಿದೆ. 12 ಕಂಪ್ಯೂಟರ್‌ಗಳಲ್ಲಿ ಎರಡೂ ಪ್ಲಗಿನ್‌ಗಳು ಬೇಕು. ನನ್ನ ಲ್ಯಾಪ್‌ಟಾಪ್ ಸರಿಪಡಿಸುವುದು ಒಂದು ಮಾತು. ಅಲ್ಲಿ ಹೀಗಾಗದಂತೆ ಮೊದಲೇ ತಡೆಯುವುದು ಹೇಗೆ?

ಮಿಂಚುಹುಳ:

ಮೇಡಂ, ಹೊಸ ಪ್ರೊಫೈಲ್ ಮಾಡಿ. ಸೆಟ್ಟಿಂಗ್ಸ್ ಮೆನುವಿನಲ್ಲಿ ಯೂಸರ್ ಪ್ರೊಫೈಲ್ಸ್ ಎಂದಿದೆ. ಒಂದೊಂದು ಪ್ರೊಫೈಲ್‌ಗೂ ಅದರದೇ ಪ್ಲಗಿನ್ ಫೋಲ್ಡರ್ ಇರುತ್ತದೆ. ಒಂದರಲ್ಲಿ ಇಳಿಜಾರು, ಇನ್ನೊಂದರಲ್ಲಿ ಮಳೆ. ಅದೂ ಆಗದಿದ್ದರೆ ಕ್ಯೂಜಿಐಎಸ್ ಅನ್ನೇ ತೆಗೆದು ಮತ್ತೆ ಹಾಕಿ.

ಕೆರೆಯಂಗಳ:

ಎರಡೂ ಮಾಡಿದೆ. ಹೊಸ ಪ್ರೊಫೈಲ್‌ನಲ್ಲಿ ಇಳಿಜಾರು ಒಂದನ್ನೇ ಹಾಕಿದರೂ ಅದೇ ಸಂದೇಶ. ಆಮೇಲೆ ಒಂದು ಜಿಬಿಗೂ ಮಿಕ್ಕ ಇನ್‌ಸ್ಟಾಲರನ್ನು ನಮ್ಮ ಊರಿನ ಇಂಟರ್ನೆಟ್‌ನಲ್ಲಿ ಇಳಿಸಿಕೊಂಡು, ಹಳೆಯದನ್ನು ತೆಗೆದು, ಹೊಸದಾಗಿ ಹಾಕಿದೆ. ಒಂದು ಮಧ್ಯಾಹ್ನ ಹೋಯಿತು. ದೋಷ ಮಾತ್ರ ಇದ್ದಲ್ಲಿಯೇ ಇದೆ.

ಹಳೆಯ ಸರಪಳಿ:

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು, ಮೇಡಂ. ಮಿಂಚುಹುಳ ಅವರ ಸಲಹೆ ತಪ್ಪಲ್ಲ, ಬೇರೊಂದು ಕಾಯಿಲೆಗೆ ಅದೇ ಮದ್ದು. ನಿಮ್ಮ ಕಾಯಿಲೆ ಇರುವುದು ಪ್ರೊಫೈಲ್‌ನ ಹೊರಗೆ, ಕ್ಯೂಜಿಐಎಸ್‌ನ ಹೊರಗೂ ಕೂಡ.

ಮೊದಲು ಒಂದು ಪರೀಕ್ಷೆ. ಪ್ಲಗಿನ್ಸ್ ಮೆನುವಿನಲ್ಲಿ ಪೈಥಾನ್ ಕನ್ಸೋಲ್ ತೆರೆಯಿರಿ (ಪ್ಲಗಿನ್‌ಗಳನ್ನು ಬರೆಯುವ ಭಾಷೆಯೇ ಪೈಥಾನ್). ನಂಪೈ ಎಂದರೆ ಅಂಕಿಗಳ ಲೆಕ್ಕಕ್ಕೆ ಬಳಸುವ ಸಿದ್ಧ ಕೋಡ್‌ನ ಕಟ್ಟು, ಒಂದು ಲೈಬ್ರರಿ. ಅದನ್ನು ಇಂಪೋರ್ಟ್ ಮಾಡಿ, ಎಂದರೆ ಕರೆಸಿಕೊಂಡು, ಅದರ ಆವೃತ್ತಿಯನ್ನೂ ಅದು ಯಾವ ಫೈಲಿನಿಂದ ಬಂದಿದೆ ಎಂಬುದನ್ನೂ ಪ್ರಿಂಟ್ ಮಾಡಿಸಿ. ಹೇಗೆಂದು ಗೊತ್ತಿಲ್ಲದಿದ್ದರೆ ಪಕ್ಕದ ಮನೆಯ ಯಾವುದಾದರೂ ಎಂಜಿನಿಯರಿಂಗ್ ಹುಡುಗನನ್ನು ಕೇಳಿ, ಎರಡು ಸಾಲಿನ ಕೆಲಸ. ಉತ್ತರದಲ್ಲಿ "ಪ್ರೋಗ್ರಾಂ ಫೈಲ್ಸ್" ಎಂದಿದ್ದರೆ ಅದು ಕ್ಯೂಜಿಐಎಸ್ ತನ್ನ ಜೊತೆ ತಂದುಕೊಂಡ ನಂಪೈ. "ಆ್ಯಪ್‌ಡೇಟಾ, ರೋಮಿಂಗ್, ಪೈಥಾನ್, ಪೈಥಾನ್312" ಎಂದು ಬಂದರೆ ಅದು ನಿಮ್ಮ ಹೆಸರಿನಲ್ಲಿ ವಿಂಡೋಸ್ ಇಟ್ಟುಕೊಂಡಿರುವ ಫೋಲ್ಡರ್. ಎರಡನೆಯದೇ ಬರುತ್ತದೆ ಎಂದು ನನ್ನ ಊಹೆ.

ಆಗಿರುವುದು ಇಷ್ಟು. ಆ ಕಪ್ಪು ಕಿಟಕಿ ಪಿಪ್‌ನದು, ಎಂದರೆ ಪೈಥಾನ್ ಲೈಬ್ರರಿಗಳನ್ನು ಅಳವಡಿಸುವ ಪ್ರೋಗ್ರಾಂನದು. ಮಳೆ ಪ್ಲಗಿನ್ ಬರೆದವರು ತಮಗೆ ಬೇಕಾದ ಲೈಬ್ರರಿಗಳ ಪಟ್ಟಿಯಲ್ಲಿ ನಂಪೈಯನ್ನೂ ಬರೆದು, ಯಾವ ಆವೃತ್ತಿ ಎಂಬ ಮಿತಿ ಹಾಕದೆ, ಮೇಲ್ದರ್ಜೆಗೆ ಏರಿಸು ಎಂಬ ಆಜ್ಞೆಯನ್ನೂ ಸೇರಿಸಿರಬೇಕು. ಪಿಪ್ ಪ್ರೋಗ್ರಾಂ ಫೈಲ್ಸ್‌ನೊಳಗೆ ಬರೆಯಲು ಹೋಯಿತು. ನಿರ್ವಾಹಕರ ಅನುಮತಿ ಇಲ್ಲವೆಂದು ವಿಂಡೋಸ್ ಬಾಗಿಲು ಹಾಕಿತು. ಪಿಪ್ ಜಗಳವಾಡಲಿಲ್ಲ, ತೆಪ್ಪಗೆ ನಿಮ್ಮ ರೋಮಿಂಗ್ ಫೋಲ್ಡರಿಗೆ ಹೋಗಿ ಅಲ್ಲಿ ಹೊಸ ನಂಪೈ ಇಳಿಸಿತು. ಈಗ ನಿಮ್ಮ ಯಂತ್ರದಲ್ಲಿ ಎರಡು ನಂಪೈಗಳಿವೆ. ಪೈಥಾನ್ ಹುಡುಕುವ ಸಾಲಿನಲ್ಲಿ ಬಳಕೆದಾರರ ಫೋಲ್ಡರ್ ಮುಂದೆ, ತನ್ನ ಸ್ವಂತ ಲೈಬ್ರರಿಗಳ ಫೋಲ್ಡರಾದ ಸೈಟ್-ಪ್ಯಾಕೇಜಸ್ ಹಿಂದೆ. ಆದ್ದರಿಂದ ಹೊಸದೇ ಸಿಗುತ್ತದೆ.

ನಂಪೈ 2.0 ಬಂದದ್ದು 2024ರ ಜೂನ್‌ನಲ್ಲಿ. ಅದು ಬರಿಯ ಸಂಖ್ಯೆಯ ಬದಲಾವಣೆಯಲ್ಲ. 1ರ ಸರಣಿಗೆ ಕಂಪೈಲ್ ಮಾಡಿದ, ಎಂದರೆ ಯಂತ್ರಭಾಷೆಗೆ ಇಳಿಸಿದ, ಸಿ ಭಾಷೆಯ ಮಾಡ್ಯೂಲ್‌ಗಳು 2ರ ಜೊತೆ ಕೂಡುವುದೇ ಇಲ್ಲ, ಮತ್ತೆ ಕಂಪೈಲ್ ಮಾಡಬೇಕು. ಎತ್ತರದ ಚೌಕಗಳನ್ನು ಓದುವ ಜಿಡಾಲ್ ನಿಮ್ಮ ಕ್ಯೂಜಿಐಎಸ್‌ನಲ್ಲಿ ಹಳೆಯ ನಂಪೈಗೆ ಹೊಲಿದದ್ದು. ಇಳಿಜಾರು ನಿಂತಿರುವುದು ಜಿಡಾಲ್ ಮೇಲೆ. ಮಳೆ ಬಂದು ಇಳಿಜಾರು ಕುಸಿದದ್ದು ಹೀಗೆ. (ನಮ್ಮ ಕಡೆ ನಿಜವಾಗಿಯೂ ಆಗುವುದು ಅದೇ.)

ಮಳೆಯನ್ನು ಅಳಿಸಿದರೂ ಸರಿಹೋಗದಿರಲು ಕಾರಣ: ಪ್ಲಗಿನ್ ವ್ಯವಸ್ಥಾಪಕವು ಅಳಿಸುವುದು ಪ್ಲಗಿನ್‌ನ ಫೋಲ್ಡರನ್ನು ಮಾತ್ರ. ಪಿಪ್ ತಂದುಹಾಕಿದ್ದರ ಲೆಕ್ಕ ಅದಕ್ಕಿಲ್ಲ. ಕ್ಯೂಜಿಐಎಸ್ ಅನ್ನು ತೆಗೆದುಹಾಕಿದರೂ ರೋಮಿಂಗ್ ಫೋಲ್ಡರನ್ನು ಯಾರೂ ಮುಟ್ಟುವುದಿಲ್ಲ. ಹೊಸ ಪ್ರೊಫೈಲ್ ಮಾಡಿದರೆ ಪ್ಲಗಿನ್‌ಗಳು ಬೇರೆಯಾಗುತ್ತವೆ, ಆದರೆ ಎಲ್ಲ ಪ್ರೊಫೈಲ್‌ಗಳೂ ನೀರು ಸೇದುವುದು ಅದೇ ಒಂದು ಬಾವಿಯಿಂದ.

ಪರಿಹಾರ: ಕ್ಯೂಜಿಐಎಸ್ ಮುಚ್ಚಿ. ರೋಮಿಂಗ್‌ನೊಳಗಿನ ಆ ಪೈಥಾನ್312 ಫೋಲ್ಡರಿನ ಹೆಸರನ್ನು ಬದಲಿಸಿ. ಅಳಿಸಬೇಡಿ, ಹೆಸರು ಬದಲಿಸಿ ಸಾಕು. ಮತ್ತೆ ತೆರೆದು ನೋಡಿ, ಏನಾಯಿತು ತಿಳಿಸಿ. ಲ್ಯಾಬ್‌ನ ವಿಚಾರ ಆಮೇಲೆ.

ಕೆರೆಯಂಗಳ:

ಸರ್, ನೀವು ಹೇಳಿದಂತೆಯೇ ರೋಮಿಂಗ್ ಎಂದು ಬಂತು. ಆವೃತ್ತಿ 2ರಿಂದ ಶುರುವಾಗುತ್ತಿತ್ತು. ಹೆಸರು ಬದಲಿಸಿದೆ. ಈಗ ಪ್ರೋಗ್ರಾಂ ಫೈಲ್ಸ್ ತೋರಿಸುತ್ತಿದೆ, ಆವೃತ್ತಿ 1.26. ಇಳಿಜಾರು ಎದ್ದು ಕೂತಿದೆ. ಧನ್ಯವಾದ ಎಂಬ ಮಾತು ಚಿಕ್ಕದಾಯಿತು.

ಆದರೆ ಖುಷಿಯಲ್ಲಿ ಮಳೆಯನ್ನು ಮತ್ತೆ ಹಾಕಿದೆ. ಈ ಸಲ ಲೈಬ್ರರಿ ಹಾಕಲೇ ಎಂದಾಗ ಬೇಡ ಎಂದೆ. ಈಗ ಹೊಸ ಕಥೆ. ಇಳಿಜಾರು ಹೇಳುತ್ತಿರುವುದು: "ಯುಟಿಲ್ಸ್" ಎಂಬುದರಿಂದ ಯಾವುದೋ ಹೆಸರನ್ನು ಇಂಪೋರ್ಟ್ ಮಾಡಲಾಗುತ್ತಿಲ್ಲ. ಆವರಣದಲ್ಲಿ ಒಂದು ಫೈಲಿನ ದಾರಿ ಕೊಟ್ಟಿದೆ, ನೋಡಿದರೆ ಅದು ಮಳೆ ಪ್ಲಗಿನ್‌ನ ಫೋಲ್ಡರಿನದು! ಇಳಿಜಾರು ಮಳೆಯ ಮನೆಯೊಳಗೆ ಏನು ಹುಡುಕುತ್ತಿದೆ? ಮಳೆಯ ಗುರುತನ್ನು ತೆಗೆದು ಮತ್ತೆ ತೆರೆದರೆ ಇಳಿಜಾರು ಸರಿ. ಎರಡೂ ಇದ್ದರೆ ಜಗಳ. ಇದೂ ನಂಪೈಯ ಕೆಲಸವೇ?

ಹಳೆಯ ಸರಪಳಿ:

ಅಲ್ಲ. ಇದು ಎರಡನೆಯ ಕಾಯಿಲೆ. ಇದನ್ನು ನಾನು ಚೆನ್ನಾಗಿ ಬಲ್ಲೆ, ಏಕೆಂದರೆ ಹಿಂದೊಮ್ಮೆ ನಾನೇ ಇದನ್ನು ಊರಿಗೆ ಹಂಚಿದ್ದೇನೆ.

ಭೂಮಾಪನದಲ್ಲಿ ಸರಪಳಿ ಹಿಡಿದು ಶುರುಮಾಡಿ, ಕೊನೆಯ ವರ್ಷಗಳಲ್ಲಿ ಜಿಪಿಎಸ್ ಹಿಡಿದು ಮುಗಿಸಿದವನು ನಾನು. ಪೈಥಾನ್ ಕಲಿತದ್ದು ಐವತ್ತು ದಾಟಿದ ಮೇಲೆ, ಹಟಕ್ಕೆ. ನನ್ನ ಮೊದಲ ಪ್ಲಗಿನ್ ಕೆರೆಯ ತಳದ ಆಳದ ಅಳತೆಗಳನ್ನು ತೆಗೆದುಕೊಂಡು, ಯಾವ ಮಟ್ಟಕ್ಕೆ ಎಷ್ಟು ನೀರು ನಿಲ್ಲುತ್ತದೆ ಎಂದು ಹೇಳುತ್ತಿತ್ತು. ಕೋಡ್ ಉದ್ದವಾದಾಗ ಸಣ್ಣಪುಟ್ಟ ಕೆಲಸಗಳನ್ನು ಬೇರೆ ಫೈಲಿಗೆ ಹಾಕಿದೆ. ಆ ಫೈಲಿಗೆ ಎಲ್ಲರೂ ಇಡುವ ಹೆಸರನ್ನೇ ಇಟ್ಟೆ: ಯುಟಿಲ್ಸ್. ಇಂಪೋರ್ಟ್ ಮಾಡಿದರೆ ಸಿಗಲಿಲ್ಲ. ಅಂತರ್ಜಾಲದಲ್ಲಿ ಯಾರೋ ಹೇಳಿದ್ದರು, ನಿನ್ನ ಫೋಲ್ಡರನ್ನು ಪೈಥಾನ್ ಹುಡುಕುವ ದಾರಿಪಟ್ಟಿಯ ತಲೆಗೆ ಸೇರಿಸು ಎಂದು. ಸೇರಿಸಿದೆ. ಓಡಿತು. ಮಿತ್ರರಿಗೆಲ್ಲ ಹಂಚಿದೆ.

ಎರಡು ತಿಂಗಳಿಗೆ ಚಿಂತಾಮಣಿಯಿಂದ ಒಬ್ಬರ ಫೋನ್. "ನಿಮ್ಮ ಪ್ಲಗಿನ್ ಸೋಮವಾರ ಕೆಲಸ ಮಾಡುತ್ತದೆ, ಮಂಗಳವಾರ ಮಾಡುವುದಿಲ್ಲ." ನಗಬೇಡಿ, ಅವರ ಮಾತು ನಿಜವಾಗಿತ್ತು. ಕ್ಯೂಜಿಐಎಸ್‌ನೊಳಗೆ ಓಡುವುದು ಒಂದೇ ಪೈಥಾನ್. ಎಲ್ಲ ಪ್ಲಗಿನ್‌ಗಳಿಗೂ ಒಂದೇ ಮನೆ. ಯುಟಿಲ್ಸ್ ಎಂಬ ಹೆಸರಿನ ಮಾಡ್ಯೂಲ್ ಒಮ್ಮೆ ಲೋಡ್ ಆಯಿತೆಂದರೆ ಆ ಹೆಸರು ದಾಖಲೆಗೆ ಸೇರಿಹೋಗುತ್ತದೆ. ಮುಂದೆ ಯಾರು ಬಂದು ಯುಟಿಲ್ಸ್ ಕೊಡಿ ಎಂದರೂ ಪೈಥಾನ್ ಮತ್ತೆ ಹುಡುಕುವುದಿಲ್ಲ, ಮೊದಲು ಬಂದವನನ್ನೇ ಕೈಗೆ ಕೊಡುತ್ತದೆ. ಅವರ ಬಳಿ ಇನ್ನೊಂದು ಪ್ಲಗಿನ್ ಇತ್ತು, ಅದರಲ್ಲಿಯೂ ಯುಟಿಲ್ಸ್. ಅದನ್ನು ಅವರು ಹಾಕಿ ತೆಗೆದು ಮಾಡುತ್ತಿದ್ದರು. ಯಾವುದು ಮೊದಲು ಏಳುತ್ತದೋ ಅದರ ದಿನ. ಒಂದೇ ಬೀದಿಯಲ್ಲಿ ಇಬ್ಬರು ನಾರಾಯಣಪ್ಪಂದಿರಿದ್ದರೆ ಅಂಚೆಯವನು ಮೊದಲು ಸಿಕ್ಕವರಿಗೆ ಕಾಗದ ಕೊಟ್ಟು ಹೋದಂತೆ.

ಆ ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ನನ್ನದೇ ತಪ್ಪನ್ನು ಬೇರೆಯವರ ಕೋಡ್‌ನಲ್ಲಿ ಹುಡುಕಿದೆ. ಕೊನೆಗೆ ತಿದ್ದಿದ್ದು ಏನು ಗೊತ್ತೇ? ಒಂದು ಚುಕ್ಕೆ. ಇಂಪೋರ್ಟ್ ಮಾಡುವ ಸಾಲಿನಲ್ಲಿ ಯುಟಿಲ್ಸ್‌ನ ಮುಂದೆ ಒಂದು ಚುಕ್ಕೆ ಇಟ್ಟರೆ "ನನ್ನದೇ ಫೋಲ್ಡರಿನ ಯುಟಿಲ್ಸ್" ಎಂದರ್ಥ. ಆಗ ಅದರ ಪೂರ್ಣ ಹೆಸರು ಪ್ಲಗಿನ್‌ನ ಹೆಸರಿನೊಂದಿಗೆ ಸೇರಿ ದಾಖಲಾಗುತ್ತದೆ. ಹತ್ತು ಯುಟಿಲ್ಸ್ ಇದ್ದರೂ ಒಂದಕ್ಕೊಂದು ತಾಗುವುದಿಲ್ಲ. ದಾರಿಪಟ್ಟಿಯ ತಲೆಗೆ ಸೇರಿಸುವ ಸಾಲನ್ನು ಅಳಿಸಿದೆ. ಅದನ್ನು ಇವತ್ತಿಗೂ ಯಾರ ಪ್ಲಗಿನ್‌ನಲ್ಲಿ ಕಂಡರೂ ನನಗೆ ಸಿಟ್ಟು ಬರುತ್ತದೆ, ಹಳೆಯ ಪಾಪಿಗೆ ಬರುವಂಥ ಸಿಟ್ಟು.

ನಿಮ್ಮ ವಿಷಯದಲ್ಲಿ ಇಳಿಜಾರು, ಮಳೆ ಎರಡರಲ್ಲೂ ಇದೇ ತಪ್ಪಿದೆ. ದೋಷದ ಸಂದೇಶದಲ್ಲಿ ಬೇರೆ ಪ್ಲಗಿನ್‌ನ ದಾರಿ ಕಂಡದ್ದೇ ಸಾಕ್ಷಿ. ಅದನ್ನು ಹಾಗೆಯೇ ನಕಲು ಮಾಡಿ ಇಬ್ಬರು ಲೇಖಕರಿಗೂ ಕಳುಹಿಸಿ. ಪ್ಲಗಿನ್‌ನ ಪುಟದಲ್ಲಿ ದೋಷ ವರದಿಯ ಕೊಂಡಿ ಇರುತ್ತದೆ. ನೀವೇ ಚುಕ್ಕೆ ಇಡಬಹುದು, ಆದರೆ ಮುಂದಿನ ಅಪ್‌ಡೇಟ್ ಬಂದಾಗ ನಿಮ್ಮ ಚುಕ್ಕೆ ಅಳಿಸಿಹೋಗುತ್ತದೆ. ಅಲ್ಲಿಯವರೆಗೆ ಮಿಂಚುಹುಳ ಅವರ ಮದ್ದು: ಎರಡು ಪ್ರೊಫೈಲ್, ಒಂದರಲ್ಲಿ ಒಂದು. ಈ ಕಾಯಿಲೆಗೆ ಅದು ನೂರಕ್ಕೆ ನೂರು ಸರಿ. ಮಳೆಯ ಪದರವನ್ನು ಒಂದು ಪ್ರೊಫೈಲ್‌ನಲ್ಲಿ ಮಾಡಿ ಫೈಲಾಗಿ ಉಳಿಸಿ, ಇನ್ನೊಂದರಲ್ಲಿ ತೆರೆದರಾಯಿತು.

ಬೇರೆ ಮಾತು: ಮಾಲೂರು, ಕೋಲಾರ ಎರಡೂ ಎಂದಿರಿ. 78 ಡಿಗ್ರಿ ರೇಖಾಂಶ ನಡುವೆ ಹಾದುಹೋಗುತ್ತದೆ. ಯುಟಿಎಂ ಎಂಬ, ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚುವ ನಿರ್ದೇಶಾಂಕ ಪದ್ಧತಿಯಲ್ಲಿ ಮಾಲೂರು 43ನೇ ವಲಯ, ಕೋಲಾರ ಪಟ್ಟಣ 44. ಒಂದೇ ವಲಯ ಆರಿಸಿ ಅದಕ್ಕೇ ಅಂಟಿಕೊಳ್ಳಿ, ಇಲ್ಲದಿದ್ದರೆ ಮಕ್ಕಳು ಅರ್ಧ ದಿನ "ಕೆರೆ ಎಲ್ಲಿ ಹೋಯಿತು" ಎಂದು ಹುಡುಕುತ್ತಾರೆ.

ಲ್ಯಾಬ್‌ಬೀಗ:

ನಾನು ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತೇನೆ. 12 ಯಂತ್ರ ಎಂದದ್ದಕ್ಕೆ ಬರೆಯುತ್ತಿದ್ದೇನೆ.

ಒಂದೊಂದರಲ್ಲೂ ಪ್ಲಗಿನ್ ವ್ಯವಸ್ಥಾಪಕ ತೆರೆದು ಹಾಕುತ್ತಾ ಕೂರಬೇಡಿ. ಒಂದೇ ಯಂತ್ರದಲ್ಲಿ ಪ್ರೊಫೈಲ್‌ಗಳನ್ನು ಸಿದ್ಧಮಾಡಿ, ಎರಡು ದಿನ ಬಳಸಿ ನೋಡಿ, ಆಮೇಲೆ ಆ ಪ್ರೊಫೈಲ್ ಫೋಲ್ಡರ್‌ಗಳನ್ನೇ ಪೆನ್‌ಡ್ರೈವ್‌ನಲ್ಲಿ ಉಳಿದವುಗಳಿಗೆ ನಕಲು ಮಾಡಿ. ಎಲ್ಲ ಕಡೆಯೂ ಕ್ಯೂಜಿಐಎಸ್‌ನ ಒಂದೇ ಆವೃತ್ತಿ ಇರಲಿ, ಕೊನೆಯ ಅಂಕಿಯವರೆಗೂ. ಪ್ಲಗಿನ್ ವ್ಯವಸ್ಥಾಪಕದ ಸೆಟ್ಟಿಂಗ್ಸ್‌ನಲ್ಲಿ ಶುರುವಾಗುವಾಗ ಅಪ್‌ಡೇಟ್ ಹುಡುಕುವ ಗುರುತನ್ನು ತೆಗೆಯಿರಿ. ಕಾರ್ಯಾಗಾರದ ದಿನ ಬೆಳಿಗ್ಗೆ ಯಾವ ಹೊಸ ಆವೃತ್ತಿಯೂ ಬೇಡ.

ಮಳೆ ಪ್ಲಗಿನ್‌ಗೆ ಬೇಕಾದ ಲೈಬ್ರರಿ ನಿಜವಾಗಿಯೂ ಕ್ಯೂಜಿಐಎಸ್‌ನಲ್ಲಿ ಇಲ್ಲದಿದ್ದರೆ, ಅದು ಕೇಳಿದಾಗ ಹೌದು ಎನ್ನುವ ಬದಲು ನೀವೇ ಹಾಕಿ. ಸ್ಟಾರ್ಟ್ ಮೆನುವಿನಲ್ಲಿ ಕ್ಯೂಜಿಐಎಸ್ ಜೊತೆಗೆ ಬರುವ ಓಎಸ್‌ಜಿಯೋ4ಡಬ್ಲ್ಯು ಶೆಲ್ (ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿ) ತೆರೆಯಿರಿ. ಮೊದಲು ಪಿಪ್‌ಗೆ "ಡ್ರೈ-ರನ್" ಎಂದು ಕೊಟ್ಟು ಕೇಳಿ: ಏನೇನು ತರುತ್ತೀಯ, ತೋರಿಸು, ತರಬೇಡ. 2022ರಿಂದ ಈ ಸೌಲಭ್ಯವಿದೆ. ಪಟ್ಟಿಯಲ್ಲಿ ನಂಪೈ ಅಥವಾ ಜಿಡಾಲ್ ಕಂಡರೆ ಅಲ್ಲಿಯೇ ನಿಲ್ಲಿ. ನಾನು "ನಂಪೈ 2ಕ್ಕಿಂತ ಕೆಳಗೆ" ಎಂದು ಒಂದು ಸಾಲಿನ ನಿರ್ಬಂಧದ ಫೈಲ್ ಇಟ್ಟುಕೊಂಡಿದ್ದೇನೆ. ಪ್ರತಿ ಸಲವೂ ಪಿಪ್‌ಗೆ ಅದನ್ನು ತೋರಿಸಿಯೇ ಕೆಲಸ.

ನಕ್ಷೆಯ ಫೈಲ್‌ಗಳನ್ನು ಓದುವ ಫಿಯೋನಾದಂಥ ಲೈಬ್ರರಿಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಪಿಪ್‌ನಿಂದ ಬರುವ ಫಿಯೋನಾ ತನ್ನ ಹೊಟ್ಟೆಯಲ್ಲಿ ತನ್ನದೇ ಜಿಡಾಲ್ ಇಟ್ಟುಕೊಂಡು ಬರುತ್ತದೆ. ಒಂದೇ ಪ್ರೋಗ್ರಾಂನೊಳಗೆ ಎರಡು ಜಿಡಾಲ್ ಸೇರಿದರೆ ದೋಷ ಸಂದೇಶವೂ ಬಾರದೆ ಕ್ಯೂಜಿಐಎಸ್ ಮುಚ್ಚಿಹೋದದ್ದನ್ನು ನೋಡಿದ್ದೇನೆ.

ಹಳೆಯ ಸರಪಳಿ:

ಲ್ಯಾಬ್‌ಬೀಗ ಅವರ ಮಾತಿಗೆ ಒಂದೆರಡು ಸೇರಿಸುತ್ತೇನೆ.

ಲೈಬ್ರರಿಯನ್ನು ರೋಮಿಂಗ್ ಬಾವಿಗೆ ಇಳಿಸದೆ, ಪ್ರೊಫೈಲ್‌ನೊಳಗೇ ಒಂದು ಫೋಲ್ಡರ್ ಮಾಡಿ ಅಲ್ಲಿಗೆ ಇಳಿಸುವಂತೆ ಪಿಪ್‌ಗೆ "ಟಾರ್ಗೆಟ್" ಕೊಡಬಹುದು. ಆಗ ಪ್ರೊಫೈಲ್ ಅಳಿಸಿದರೆ ಲೈಬ್ರರಿಯೂ ಹೋಗುತ್ತದೆ, ನಕಲು ಮಾಡಿದರೆ ಜೊತೆಗೆ ಬರುತ್ತದೆ. ಆದರೆ ಟಾರ್ಗೆಟ್ ಕೊಟ್ಟಾಗ ಪಿಪ್ ಈಗಾಗಲೇ ಏನಿದೆ ಎಂದು ನೋಡುವುದಿಲ್ಲ. ನಂಪೈ ಇದ್ದರೂ ಇನ್ನೊಂದನ್ನು ಹೊತ್ತು ತರುತ್ತದೆ. ಅದಕ್ಕೇ "ಅವಲಂಬನೆಗಳು ಬೇಡ" ಎಂಬ ಆಯ್ಕೆ ಕೊಟ್ಟು, ಬೇಕಾದ ಒಂದೊಂದನ್ನೇ ಕೈಯಾರೆ ತರಿಸಬೇಕು. ಬೇಸರದ ಕೆಲಸ. ಆದರೆ ಒಮ್ಮೆ ಮಾಡಿದರೆ ಮುಗಿಯಿತು.

ಆ ಫೋಲ್ಡರ್ ಪೈಥಾನ್‌ಗೆ ಕಾಣಿಸಬೇಕಲ್ಲ. ಪ್ರೊಫೈಲ್‌ನ ಪೈಥಾನ್ ಫೋಲ್ಡರಿನಲ್ಲಿ "ಸ್ಟಾರ್ಟ್‌ಅಪ್" ಎಂಬ ಪೈಥಾನ್ ಫೈಲ್ ಇದ್ದರೆ ಕ್ಯೂಜಿಐಎಸ್ ಶುರುವಾಗುವಾಗ ಅದನ್ನು ಓಡಿಸುತ್ತದೆ. ಅದರಲ್ಲಿ ಫೋಲ್ಡರನ್ನು ದಾರಿಪಟ್ಟಿಗೆ ಸೇರಿಸಿ. ತಲೆಗಲ್ಲ, ಬಾಲಕ್ಕೆ! ಬಾಲದಲ್ಲಿದ್ದರೆ ಕ್ಯೂಜಿಐಎಸ್‌ನ ಬಳಿ ಇಲ್ಲದ್ದು ಮಾತ್ರ ಅಲ್ಲಿಂದ ಸಿಗುತ್ತದೆ. ಇಷ್ಟು ರಗಳೆ ಬೇಡವೆನ್ನುವವರಿಗೆ ಕ್ಯೂಪಿಪ್ ಎಂಬ ಪ್ಲಗಿನ್ ಇದೆ. ಅದು ಪ್ಲಗಿನ್‌ಗಳ ಬೇಡಿಕೆ ಪಟ್ಟಿಗಳನ್ನು ಓದಿ, ಲೈಬ್ರರಿಗಳನ್ನು ಪ್ರೊಫೈಲ್‌ನೊಳಗೇ ಇಡುತ್ತದೆ. ಆದರೆ ಪ್ಲಗಿನ್ ಬರೆದವರು ಆ ಪಟ್ಟಿಯನ್ನು ಪ್ಲಗಿನ್ ಜೊತೆ ಇಟ್ಟಿರಬೇಕು.

ಈ ಚರ್ಚೆಯನ್ನು ಪ್ಲಗಿನ್ ಬರೆಯುವವರು ಯಾರಾದರೂ ಓದುತ್ತಿದ್ದರೆ: ಮೆಟಾಡೇಟಾ ಫೈಲಿನಲ್ಲಿ "ಪ್ಲಗಿನ್ ಡಿಪೆಂಡೆನ್ಸೀಸ್" ಎಂಬ ಸಾಲು 3.8ರಿಂದ ಇದೆ, ನಿಜ. ಅದು ಇನ್ನೊಂದು ಪ್ಲಗಿನ್ ಬೇಕು ಎಂದು ಹೇಳುವುದಕ್ಕೆ ಮಾತ್ರ, ನಂಪೈ ಬೇಕು ಎನ್ನುವುದಕ್ಕಲ್ಲ. ಸಣ್ಣ, ಶುದ್ಧ ಪೈಥಾನ್ ಲೈಬ್ರರಿ ಬೇಕಿದ್ದರೆ ಅದನ್ನು ನಿಮ್ಮ ಪ್ಲಗಿನ್ ಫೋಲ್ಡರಿನೊಳಗೇ ಇಟ್ಟು ಚುಕ್ಕೆ ಹಾಕಿ ಕರೆಯಿರಿ. ಪಿಪ್ ತನ್ನ ಲೈಬ್ರರಿಗಳನ್ನು ಹೀಗೆಯೇ ತನ್ನೊಳಗಿನ ವೆಂಡರ್ ಫೋಲ್ಡರಿನಲ್ಲಿ ಇಟ್ಟುಕೊಂಡಿದೆ. ಕಂಪೈಲ್ ಆದ ಭಾರಿ ಲೈಬ್ರರಿಯಾದರೆ ಬೇರೆ ಪೈಥಾನ್ ಪರಿಸರದಲ್ಲಿ ಬೇರೆ ಪ್ರಕ್ರಿಯೆಯಾಗಿ ಓಡಿಸಿ, ಫಲಿತಾಂಶದ ಫೈಲನ್ನು ಮಾತ್ರ ತಂದುಕೊಳ್ಳಿ. ದಯವಿಟ್ಟು ಬಳಕೆದಾರರ ಯಂತ್ರದಲ್ಲಿ ತಾನಾಗಿ ಪಿಪ್ ಓಡಿಸಬೇಡಿ. ನಿವೃತ್ತ ಮೇಷ್ಟರಿಗೆ "ಹೌದು" ಒತ್ತಿದರೆ ಏನಾಗುತ್ತದೆಂದು ಹೇಗೆ ಗೊತ್ತಾಗಬೇಕು?

ಕೆರೆಯಂಗಳ:

ವರದಿ ಒಪ್ಪಿಸುತ್ತಿದ್ದೇನೆ. ಇಳಿಜಾರು ಬರೆದವರು ಎರಡೇ ದಿನದಲ್ಲಿ ಉತ್ತರಿಸಿ, ಚುಕ್ಕೆ ಇಟ್ಟು ಹೊಸ ಆವೃತ್ತಿ ಬಿಟ್ಟರು. ಮಳೆಯವರಿಂದ ಸುದ್ದಿಯಿಲ್ಲ, ಆದರೆ ಒಬ್ಬರು ತಿದ್ದಿಕೊಂಡರೇ ಸಾಕಾಯಿತು. ಎರಡೂ ಒಂದೇ ಪ್ರೊಫೈಲ್‌ನಲ್ಲಿ ಕೂತಿವೆ. ಮಳೆಗೆ ಕೊರತೆಯಿದ್ದದ್ದು ಒಂದೇ ಲೈಬ್ರರಿ, ನೆಟ್‌ಸಿಡಿಎಫ್ ಎಂಬ ಬಗೆಯ ದತ್ತಾಂಶ ಫೈಲ್‌ಗಳನ್ನು ಓದುವುದು. ಅದನ್ನು ಸರ್ ಹೇಳಿದಂತೆ ಪ್ರೊಫೈಲ್‌ನೊಳಗೆ ಇಳಿಸಿದೆವು. ಲ್ಯಾಬ್‌ನ 11 ಯಂತ್ರಗಳಿಗೆ ನಕಲು ಆಯಿತು. ಹನ್ನೆರಡನೆಯದರಲ್ಲಿ ಕ್ಯೂಜಿಐಎಸ್ 3.28 ಇತ್ತು, ಅದರ ಪೈಥಾನ್ ಹಳೆಯದು. ಅಲ್ಲಿ ಮೊದಲು ಕ್ಯೂಜಿಐಎಸ್ ಬದಲಿಸಬೇಕು. ವಲಯ 44 ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ.

ಒಂದು ಎಡವಟ್ಟು ಮಾತ್ರ ಉಳಿದಿದೆ. ನನ್ನ ಲ್ಯಾಪ್‌ಟಾಪನ್ನು ಅಣ್ಣನ ಮಗನೂ ಬಳಸುತ್ತಾನೆ. ಅವನು ಬೇರೆ ಪೈಥಾನ್ ಹಾಕಿಕೊಂಡು ಕಾಲೇಜಿನ ಪ್ರಾಜೆಕ್ಟ್ ಮಾಡುತ್ತಿದ್ದಾನೆ. ನಾನು ಫೋಲ್ಡರಿನ ಹೆಸರು ಬದಲಿಸಿದಾಗಿನಿಂದ ಅವನದು ಓಡುತ್ತಿಲ್ಲವಂತೆ. "ಅತ್ತೆ, ಏನು ಮಾಡಿದಿರಿ?" ಎಂದು ಕೇಳುತ್ತಿದ್ದಾನೆ.

ಹಳೆಯ ಸರಪಳಿ:

ಅವನದೂ ಪೈಥಾನ್ 3.12 ಇರಬೇಕು, ಆ ಬಾವಿ ಇಬ್ಬರಿಗೂ ಸೇರಿದ್ದು. ಅಳಿಸಬೇಡಿ ಎಂದದ್ದು ಇದಕ್ಕೇ. ಹೆಸರನ್ನು ಮೊದಲಿನಂತೆ ಮಾಡಿಕೊಡಿ, ಹುಡುಗನ ಕೆಲಸ ಓಡಲಿ.

ನಿಮಗೆ ಬೇರೆ ದಾರಿ. ನೋಟ್‌ಪ್ಯಾಡ್‌ನಲ್ಲಿ ಎರಡು ಸಾಲಿನ ಬ್ಯಾಚ್ ಫೈಲ್ (ವಿಂಡೋಸ್ ಸಾಲುಸಾಲಾಗಿ ಓಡಿಸುವ ಆಜ್ಞೆಗಳ ಫೈಲ್) ಬರೆಯಿರಿ. ಮೊದಲ ಸಾಲಿನಲ್ಲಿ "ಪೈಥಾನ್‌ನೋಯೂಸರ್‌ಸೈಟ್" ಎಂಬ ಪರಿಸರ ಚರಾಂಶಕ್ಕೆ (ಎನ್ವಿರಾನ್ಮೆಂಟ್ ವೇರಿಯಬಲ್) 1 ಎಂದು ಬೆಲೆ ಕೊಡಿ. ಇಂಗ್ಲಿಷ್‌ನಲ್ಲಿ ಎಲ್ಲ ದೊಡ್ಡಕ್ಷರ, ನಡುವೆ ಜಾಗವಿಲ್ಲ. ಎರಡನೆಯ ಸಾಲಿನಲ್ಲಿ, ನಿಮ್ಮ ಕ್ಯೂಜಿಐಎಸ್ ಶಾರ್ಟ್‌ಕಟ್ ಯಾವ ಫೈಲನ್ನು ತೋರಿಸುತ್ತದೋ ಅದರ ಪೂರ್ಣ ದಾರಿ. ಇನ್ನು ಮುಂದೆ ಆ ಬ್ಯಾಚ್ ಫೈಲಿನಿಂದಲೇ ಕ್ಯೂಜಿಐಎಸ್ ತೆರೆಯಿರಿ. ರೋಮಿಂಗ್ ಫೋಲ್ಡರ್ ಅದರ ಕಣ್ಣಿಗೇ ಬೀಳುವುದಿಲ್ಲ, ಹುಡುಗನ ಪೈಥಾನ್‌ಗೆ ಮಾತ್ರ ಎಂದಿನಂತೆ ಕಾಣುತ್ತದೆ. ವಿಂಡೋಸ್‌ನ ಸೆಟ್ಟಿಂಗ್‌ನಲ್ಲಿ ಆ ಚರಾಂಶ ಹಾಕಬೇಡಿ, ಹಾಕಿದರೆ ಅವನದೂ ಮತ್ತೆ ನಿಲ್ಲುತ್ತದೆ.